ಮೂಕಪ್ರಾಣಿಗಳ ಮನಸ್ಸನ್ನು ಅರಸಿದ ಚಾರ್ಲ್ಸ್ ಡಾರ್ವಿನ್

ಈ ವರ್ಷದ ಕಾರಹುಣ್ಣಿಮೆಯ ಮರುದಿನ ಶ್ರೀಮಠದ ದರ್ಶನಕ್ಕೆ ಬಂದಿದ್ದ ರೈತ ಭಕ್ತರೊಬ್ಬರು ಪ್ರಸಾದ ಸ್ವೀಕರಿಸಿದ ಮೇಲೆ ಕಾರ್ಯಾಲಯಕ್ಕೆ ಬಂದು ಕುಳಿತರು. ಹಬ್ಬಕ್ಕೆ ಎಂಟು ದಿನ ಮೊದಲು ಅವರ ಜೋಡೆತ್ತುಗಳಲ್ಲಿ ಒಂದು ತೀರಿಕೊಂಡಿತ್ತು. ಒಂಬತ್ತು ವರ್ಷ ಅದರೊಡನೆ ಒಂದೇ ನೊಗಕ್ಕೆ ಹೆಗಲು ಕೊಟ್ಟಿದ್ದ ಇನ್ನೊಂದು ಎತ್ತು ನಾಲ್ಕು ದಿನ ಗೋದಲಿಯ ಮೇವಿಗೆ ಬಾಯಿ ಹಾಕಲಿಲ್ಲವಂತೆ. ಬರಿದಾದ ಗೂಟದ ಕಡೆಗೇ ಮುಖ ಮಾಡಿ ನಿಂತಿರುತ್ತಿತ್ತಂತೆ. ನಮ್ಮ ಪ್ರಸಾದನಿಲಯದಲ್ಲಿದ್ದು ವಿಜ್ಞಾನ ಓದುತ್ತಿರುವ ಅವರ ಮಗ, ಅದು ದುಃಖವಲ್ಲ, ರೂಢಿ ತಪ್ಪಿದ ಗಲಿಬಿಲಿಯಷ್ಟೇ ಎಂದು ತಂದೆಯೊಡನೆ ವಾದಿಸಿದ್ದನು. ಎತ್ತಿಗೆ ದುಃಖವೆಂಬುದು ಇದೆಯೋ ಇಲ್ಲವೋ, ಓದಿದವರಾದ ನಾವು ಹೇಳಬೇಕೆಂಬುದು ಆ ಹಿರಿಯರ ಕೇಳಿಕೆಯಾಗಿತ್ತು.

ನಾವು ಓದಿದ್ದು ಕನ್ನಡ ಸಾಹಿತ್ಯ. ಬಲಿಗೆ ತಂದ ಕುರಿಗಾಗಿ ಬಸವಣ್ಣನವರ ಕರುಳು ಮಿಡಿದುದನ್ನು ಬಲ್ಲೆವು. ಸಕಲ ಜೀವರಲ್ಲಿ ದಯೆಯಿರಬೇಕೆಂದು ಶರಣರು ಬೋಧಿಸಿದುದನ್ನು ಬಲ್ಲೆವು. ಅದನ್ನು ಆ ಹಿರಿಯರಿಗೆ ಹೇಳಿದರೆ ಸಾಕಾಗುತ್ತಿತ್ತು. ಆದರೆ ಅವರ ಮಗ ಕೇಳುತ್ತಿದ್ದುದು ಪ್ರಮಾಣವನ್ನು. ಅವನಿಗಾಗಿ ಹುಡುಕುತ್ತ ಹೋದಾಗ ನಮಗೆ ದೊರೆತವರು, ಮಂಗನಿಂದ ಮಾನವ ಎಂಬ ಒಂದೇ ಮಾತಿನಲ್ಲಿ ನಮ್ಮ ನಾಡಿನಲ್ಲಿ ಎಲ್ಲರೂ ನೆನೆದು, ಅಷ್ಟಕ್ಕೇ ಬಿಟ್ಟುಬಿಡುವ ಚಾರ್ಲ್ಸ್ ಡಾರ್ವಿನ್ನರು. ಪ್ರಾಣಿಗಳಿಗೆ ಮನಸ್ಸುಂಟೇ ಎಂಬ ಪ್ರಶ್ನೆಯನ್ನು ಸುಮಾರು ನಲವತ್ತೈದು ವರ್ಷ ಎದೆಯಲ್ಲಿಟ್ಟುಕೊಂಡು ಬದುಕಿದವರು ಅವರು. ಆ ಬದುಕನ್ನು ಭಕ್ತಾದಿಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಡಾರ್ವಿನ್ನರು ಜನಿಸಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ. ತಂದೆ ರಾಬರ್ಟ್ ಹೆಸರಾಂತ ವೈದ್ಯರು. ಎಂಟನೆಯ ವಯಸ್ಸಿನಲ್ಲೇ ಬಾಲಕನು ತಾಯಿಯನ್ನು ಕಳೆದುಕೊಂಡನು. ಹಕ್ಕಿಯ ಮೊಟ್ಟೆಗಳನ್ನು ಸಂಗ್ರಹಿಸುವ ಹುಚ್ಚಿದ್ದರೂ ಒಂದು ಗೂಡಿನಿಂದ ಒಂದಕ್ಕಿಂತ ಹೆಚ್ಚು ಮೊಟ್ಟೆ ತೆಗೆಯುತ್ತಿರಲಿಲ್ಲ. ಗಾಳ ಹಾಕುವಾಗ ಹುಳುವನ್ನು ಜೀವಂತವಾಗಿ ಚುಚ್ಚದೆ ಉಪ್ಪುನೀರಿನಲ್ಲಿ ಮೊದಲೇ ಸಾಯಿಸಬಹುದೆಂದು ಯಾರೋ ಹೇಳಿದ ದಿನದಿಂದ, ಮೀನು ಕಡಿಮೆ ಬಿದ್ದರೂ ಚಿಂತೆಯಿಲ್ಲವೆಂದು ಹಾಗೆಯೇ ಮಾಡತೊಡಗಿದನು. ಇಷ್ಟನ್ನು ಓದಿದವರು ಇದೊಬ್ಬ ಹುಟ್ಟು ಕರುಣಾಳುವಿನ ಕಥೆಯೆಂದು ತಿಳಿಯಬಾರದು. ಅದೇ ಬಾಲಕನು ಒಮ್ಮೆ ಮನೆಯ ಸಮೀಪದಲ್ಲಿ ಒಂದು ನಾಯಿಮರಿಯನ್ನು ಹೊಡೆದನು. ಕಾರಣವೇನೂ ಇರಲಿಲ್ಲ, ತನ್ನ ಬಲ ತೋರುವ ಸುಖವೊಂದೇ. ಅರುವತ್ತು ದಾಟಿದ ಮೇಲೆ ಮಕ್ಕಳಿಗಾಗಿ ಆತ್ಮಕಥನ ಬರೆಯಲು ಕುಳಿತಾಗಲೂ ಆ ಹೊಡೆತ ಬಿದ್ದ ಜಾಗ ಯಾವುದೆಂಬುದು ಅವರಿಗೆ ನೆನಪಿತ್ತು.

ತಂದೆಯ ಇಚ್ಛೆಯಂತೆ ವೈದ್ಯವಿದ್ಯೆಗೆಂದು ಎಡಿನ್‌ಬರೊಗೆ ಹೋದರು. ಅರಿವಳಿಕೆಯ ಔಷಧ ಇನ್ನೂ ಬಳಕೆಗೆ ಬಾರದ ಕಾಲ. ಮಗುವೊಂದರ ಶಸ್ತ್ರಚಿಕಿತ್ಸೆಯನ್ನು ಕೊನೆಯವರೆಗೆ ನೋಡಲಾರದೆ ಹೊರಗೋಡಿದವರು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ಅನಂತರ ಕೇಂಬ್ರಿಜ್. ಅಲ್ಲಿ ಅವರು ಬೇಟೆಯ ವ್ಯಾಮೋಹಿ. ಹೊಡೆದ ಹಕ್ಕಿಗಳ ಲೆಕ್ಕವಿಡಲು ಅಂಗಿಗೆ ದಾರ ಕಟ್ಟಿಕೊಂಡು ಗಂಟು ಹಾಕುತ್ತಿದ್ದ ತರುಣ. ಹಿಂದಿನ ದಿನ ಗುಂಡು ತಗುಲಿ, ಸಾಯದೆ ಒದ್ದಾಡುತ್ತಿದ್ದ ಒಂದು ಹಕ್ಕಿಯನ್ನು ಕೈಗೆತ್ತಿಕೊಂಡಂದು ಅವರ ಮನಸ್ಸು ಬೇಟೆಯಿಂದ ಹೊರಳಿತೆಂದು ಅವರ ಗೆಳೆಯರೊಬ್ಬರು ನೆನೆದಿದ್ದಾರೆ. ಒಂದೇ ದಿನದಲ್ಲಿ ಎಲ್ಲವೂ ಬಿಟ್ಟುಹೋಗಲಿಲ್ಲ. ಮುಂದಿನ ಕಡಲಯಾನದಲ್ಲಿಯೂ ಕೋವಿ ಹಿಡಿದರು, ಬರಬರುತ್ತ ಅದನ್ನು ಸಹಾಯಕನ ಕೈಗೆ ಒಪ್ಪಿಸಿದರು.

ಆ ಯಾನವು ಬೀಗಲ್ ಎಂಬ ಹಡಗಿನಲ್ಲಿ 1831ರ ಡಿಸೆಂಬರ್ 27ರಂದು ಮೊದಲಾಗಿ 1836ರ ಅಕ್ಟೋಬರ್ 2ರಂದು ಮುಗಿಯಿತು. ಅದರ ಕಥೆ ಎಲ್ಲರಿಗೂ ತಿಳಿದದ್ದೇ. ನಮ್ಮ ವಿಷಯಕ್ಕೆ ಸಲ್ಲುವ ಎರಡು ಸಂಗತಿಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇವೆ. 1835ರಲ್ಲಿ ಗಲಾಪಗಸ್ ದ್ವೀಪಗಳಲ್ಲಿ ಅವರು ಕಂಡ ಹಕ್ಕಿಗಳಿಗೆ ಮನುಷ್ಯರ ಭಯವೆಂಬುದೇ ಇರಲಿಲ್ಲ. ಕೊಂಬೆಯ ಮೇಲೆ ಕುಳಿತ ಗಿಡುಗವನ್ನು ಕೋವಿಯ ತುದಿಯಿಂದ ತಳ್ಳಬಹುದಾಗಿತ್ತು. ಅವರು ಕೈಯಲ್ಲಿ ಹಿಡಿದ ಆಮೆಚಿಪ್ಪಿನ ಪಾತ್ರೆಯ ಅಂಚಿಗೆ ಒಂದು ಹಕ್ಕಿ ಬಂದು ಕುಳಿತು ನೀರು ಕುಡಿಯಿತು. ಅಲ್ಲಿಯೇ ಬಾವಿಯೊಂದರ ಬಳಿ ಹುಡುಗನೊಬ್ಬನು ಕೋಲು ಹಿಡಿದು ಕುಳಿತಿದ್ದನು. ನೀರಿಗೆ ಬಂದ ಪಾರಿವಾಳಗಳನ್ನೂ ಸಣ್ಣ ಹಕ್ಕಿಗಳನ್ನೂ ಕೂತಲ್ಲಿಂದಲೇ ಬಡಿದು ರಾತ್ರಿಯ ಊಟಕ್ಕೆ ರಾಶಿ ಹಾಕಿಕೊಂಡಿದ್ದನು. ಅದಕ್ಕೂ ಮುನ್ನ ಫಾಕ್‌ಲೆಂಡ್ ದ್ವೀಪಗಳಲ್ಲಿ ಅವರು ತೋಳದಂತಹ ಒಂದು ನರಿಯನ್ನು ಕಂಡಿದ್ದರು. ಮನುಷ್ಯರನ್ನು ಕಂಡರೆ ಓಡದೆ ಕುತೂಹಲದಿಂದ ಹತ್ತಿರ ಬರುವ ಪ್ರಾಣಿ ಅದು. ಒಂದು ಕೈಯಲ್ಲಿ ಮಾಂಸ ತೋರಿಸಿ ಇನ್ನೊಂದು ಕೈಯಿಂದ ಇರಿದು ಕೊಲ್ಲುವುದು ಅಲ್ಲಿಯ ದನಗಾಹಿಗಳಿಗೆ ಸುಲಭದ ಕೆಲಸ. ಅಲ್ಲಿ ಜನವಸತಿ ನೆಲೆಗೊಂಡರೆ ಈ ಜಾತಿ ಬಹುಕಾಲ ಉಳಿಯದೆಂದು ಡಾರ್ವಿನ್ನರು ಬರೆದಿಟ್ಟರು. ಡಾರ್ವಿನ್ನರು ಬದುಕಿರುವಾಗಲೇ, 1876ರಲ್ಲಿ, ಆ ವಂಶದ ಕೊನೆಯ ಪ್ರಾಣಿಯೂ ಅಳಿಯಿತು. ಪ್ರಾಣಿಯ ನಂಬಿಕೆಯೇ ಅದರ ಮೃತ್ಯುವಾದ ಇಂತಹ ಪ್ರಸಂಗಗಳನ್ನು ಓದುವಾಗ ನಮಗೆ ಸಂಕಟವಾಯಿತು.

ಮನೆಗೆ ಮರಳಿದ ಮೇಲೆ ಅವರು ಮಾಡಿದ ಮೊದಲ ಪರೀಕ್ಷೆಗಳಲ್ಲಿ ಒಂದು ತಮ್ಮ ನಾಯಿಯದು. ಅಪರಿಚಿತರನ್ನು ಹತ್ತಿರ ಸೇರಿಸದ ಮುಂಗೋಪಿ ನಾಯಿ ಅದು. ಐದು ವರ್ಷ ಎರಡು ದಿನಗಳ ಬಳಿಕ ಅದರ ಲಾಯದ ಹತ್ತಿರ ಹೋಗಿ, ಹಿಂದಿನ ರೀತಿಯಲ್ಲಿಯೇ ಕೂಗಿ ಕರೆದರು. ಅದು ಕುಣಿದಾಡಲಿಲ್ಲ, ಅರ್ಧ ಗಂಟೆಯ ಹಿಂದೆ ಅಗಲಿದವರೊಡನೆ ಹೋಗುವಂತೆ ಸುಮ್ಮನೆ ಎದ್ದು ಹಿಂಬಾಲಿಸಿತು. ನೆನಪು ಮನುಷ್ಯರ ಸೊತ್ತಲ್ಲವೆಂಬುದು ಅವರಿಗೆ ಅಂದು ಮನದಟ್ಟಾಯಿತು.

1838ರ ಮಾರ್ಚ್‌ನಲ್ಲಿ ಅವರು ಲಂಡನ್ನಿನ ಪ್ರಾಣಿಸಂಗ್ರಹಾಲಯಕ್ಕೆ ಹೋದರು. ಅಲ್ಲಿ ಜೆನ್ನಿ ಎಂಬ ಒರಾಂಗುಟಾನ್ ಇತ್ತು. ಪಾಲಕನು ಸೇಬನ್ನು ತೋರಿಸಿ ಕೊಡದೆ ಹೋದಾಗ ಜೆನ್ನಿ ಬೆನ್ನ ಮೇಲೆ ಬಿದ್ದು ಕೈಕಾಲು ಬಡಿದು, ಹಟಮಾರಿ ಮಗುವಿನಂತೆ ಅತ್ತಿತು. ಅಳು ನಿಲ್ಲಿಸಿ ಜಾಣೆಯಾಗಿದ್ದರೆ ಹಣ್ಣು ಕೊಡುವುದಾಗಿ ಪಾಲಕನು ಹೇಳಿದನು. ಅದು ಹೇಗೋ ತಡೆದುಕೊಂಡಿತು; ಕೊನೆಗೆ ಹಣ್ಣು ಪಡೆದು ಕುರ್ಚಿಗೆ ನೆಗೆದು ಕುಳಿತು, ಪರಮತೃಪ್ತಿಯಿಂದ ತಿಂದಿತು. ಡಾರ್ವಿನ್ನರು ಆಗ ಇಪ್ಪತ್ತೊಂಬತ್ತರ ತರುಣರು, ಮದುವೆಯೂ ಆಗಿರಲಿಲ್ಲ. ಮುಂದೆ ಎಮ್ಮಾ ಅವರನ್ನು ವರಿಸಿ, 1839ರ ಕೊನೆಯಲ್ಲಿ ಮೊದಲ ಮಗು ಹುಟ್ಟಿದಾಗ, ಅದೇ ಕಣ್ಣಿನಿಂದ ತೊಟ್ಟಿಲಿನ ಕೂಸಿನ ಅಳು, ನಗು, ಸಿಟ್ಟುಗಳನ್ನು ಗಮನಿಸಿ ಬರೆದಿಟ್ಟರು. ಜೆನ್ನಿಯ ಸಿಟ್ಟಿಗೂ ತಮ್ಮ ಕೂಸಿನ ಸಿಟ್ಟಿಗೂ ಬೇರೆ ಬೇರೆ ಹೆಸರಿಡಲು ಅವರಿಗೆ ಕಾರಣ ಕಾಣಲಿಲ್ಲ.

1842ರಲ್ಲಿ ಕುಟುಂಬವು ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯಲ್ಲಿ ನೆಲೆಸಿತು. ಉಳಿದ ನಲವತ್ತು ವರ್ಷ ಅವರು ಅಲ್ಲಿಯೇ ಇದ್ದರು. ಶರೀರ ಸದಾ ಅಸ್ವಸ್ಥ. ಆದರೂ ಬೆಳಗಿನ ಕೆಲಸ, ಮನೆಯ ಹಿಂದಿನ ಮರಳುದಾರಿಯಲ್ಲಿ ನಡಿಗೆ, ಮತ್ತೆ ಕೆಲಸ ಎಂಬ ಕ್ರಮ ತಪ್ಪುತ್ತಿರಲಿಲ್ಲ. ಕಾಯಕವೆಂಬ ಮಾತನ್ನು ಅವರು ಕೇಳಿರಲಿಲ್ಲ. ಅವರ ದಿನಚರಿಯನ್ನು ಓದಿದಾಗ ನಮಗೆ ನೆನಪಾದದ್ದು ಆ ಮಾತೇ. 1859ರಲ್ಲಿ ಹೊರಬಂದ ಜೀವಜಾತಿಗಳ ಉಗಮವನ್ನು ಕುರಿತ ಗ್ರಂಥದಿಂದ ಅವರು ಜಗತ್ಪ್ರಸಿದ್ಧರಾದರು. ಅದರ ಚರ್ಚೆಗೆ ಇಲ್ಲಿ ಎಡೆಯಿಲ್ಲ.

1871ರಲ್ಲಿ ಮನುಷ್ಯರ ವಂಶವನ್ನು ಕುರಿತ ಗ್ರಂಥವೂ, ಮರುವರ್ಷ ಮನುಷ್ಯರಲ್ಲಿ ಮತ್ತು ಪ್ರಾಣಿಗಳಲ್ಲಿ ಭಾವಗಳು ಹೊಮ್ಮುವ ಬಗೆಯನ್ನು ಕುರಿತ ಗ್ರಂಥವೂ ಪ್ರಕಟವಾದವು. ಮನುಷ್ಯರ ಮನಸ್ಸಿಗೂ ಪ್ರಾಣಿಗಳ ಮನಸ್ಸಿಗೂ ಇರುವ ಅಂತರ ಎಷ್ಟೇ ದೊಡ್ಡದಾದರೂ ಅದು ಹೆಚ್ಚುಕಡಿಮೆಯ ಅಂತರವೇ ಹೊರತು ಜಾತಿಯ ಅಂತರವಲ್ಲ ಎಂಬುದು ಮೊದಲಿನದರ ಪ್ರತಿಪಾದನೆ. ಪ್ರೀತಿ, ನೆನಪು, ಕುತೂಹಲ, ಅನುಕರಣೆ, ಅಸೂಯೆ, ನಾಚಿಕೆ ಇವುಗಳ ಬೇರು ಪ್ರಾಣಿಗಳಲ್ಲಿಯೂ ಉಂಟೆಂದು ಅವರು ನಿದರ್ಶನಗಳ ಮೇಲೆ ನಿದರ್ಶನ ಕೊಡುತ್ತಾರೆ. ತನ್ನದಲ್ಲದ ಮರಿಗಳನ್ನೆಲ್ಲ ಸಾಕುತ್ತಿದ್ದ ಒಂದು ಹೆಣ್ಣು ಬಬೂನ್ ಕೋತಿಯ ಕಥೆ ಅಲ್ಲಿದೆ. ಅದು ದತ್ತು ತೆಗೆದುಕೊಂಡ ಬೆಕ್ಕಿನ ಮರಿ ಪರಚಿದಾಗ ಚಕಿತವಾಗಿ, ಮರಿಯ ಪಾದಗಳನ್ನು ತಿರುಗಿಸಿ ನೋಡಿ, ಉಗುರುಗಳನ್ನು ಹಲ್ಲಿನಿಂದ ಕಡಿದುಹಾಕಿತಂತೆ. ಇದು ಆಗದ ಮಾತೆಂದು ವಿಮರ್ಶಕರೊಬ್ಬರು ಆಕ್ಷೇಪಿಸಿದರು. ಡಾರ್ವಿನ್ನರು ಐದು ವಾರದ ಬೆಕ್ಕಿನ ಮರಿಯೊಂದನ್ನು ಹಿಡಿದು, ಅದರ ಉಗುರು ತಮ್ಮ ಹಲ್ಲಿಗೆ ಸಿಕ್ಕುವುದೇ ಎಂದು ಸ್ವತಃ ಪರೀಕ್ಷಿಸಿ, ಸಿಕ್ಕುವುದೆಂದು ಮುಂದಿನ ಆವೃತ್ತಿಯಲ್ಲಿ ಬರೆದರು! ಜಗತ್ಪ್ರಸಿದ್ಧ ವಿದ್ವಾಂಸರು ಬೆಕ್ಕಿನ ಮರಿಯ ಪಾದವನ್ನು ಬಾಯಿಗಿಟ್ಟುಕೊಂಡ ಆ ಚಿತ್ರ ನಮ್ಮ ಕಣ್ಣಿಂದ ಮರೆಯಾಗದು.

ಪ್ರಾಣಿಸಂಗ್ರಹಾಲಯದ ಒಬ್ಬ ಪಾಲಕನ ಪ್ರಸಂಗವೂ ಅಲ್ಲಿಯೇ ಬರುತ್ತದೆ. ದೊಡ್ಡ ಬಬೂನೊಂದು ಅವನ ಕುತ್ತಿಗೆಗೆ ಬಾಯಿ ಹಾಕಿದಾಗ, ಅದೇ ಆವರಣದಲ್ಲಿ ಆ ಬಬೂನಿಗೆ ಸದಾ ಹೆದರಿ ಬದುಕುತ್ತಿದ್ದ ಪುಟ್ಟ ಕೋತಿಯೊಂದು ಕಿರುಚುತ್ತ ನುಗ್ಗಿ ಅದನ್ನು ಕಚ್ಚಿ, ಪಾಲಕನಿಗೆ ತಪ್ಪಿಸಿಕೊಳ್ಳಲು ಎಡೆ ಮಾಡಿಕೊಟ್ಟಿತು. ಅವರಿಬ್ಬರೂ ಗೆಳೆಯರಾಗಿದ್ದರು. ಅಂತಹ ಕೋತಿಯ ವಂಶದವರೆನಿಸಿಕೊಳ್ಳಲು ತಮಗೆ ಸಂಕೋಚವಿಲ್ಲವೆಂಬುದು ಡಾರ್ವಿನ್ನರ ಭಾವ. ಆದರೆ ಅದೇ ಮಾತಿನ ಜೊತೆಯಲ್ಲಿ ದೂರದೇಶದ ಬುಡಕಟ್ಟಿನ ಜನರನ್ನು ಅವರು ಹೀನಾಯವಾಗಿ ಚಿತ್ರಿಸಿದ್ದಾರೆ. ಬ್ರೆಜಿಲ್ಲಿನಲ್ಲಿ ಗುಲಾಮರ ನರಳಾಟ ಕೇಳಿ ನೊಂದಿದ್ದವರು, ಗುಲಾಮಗಿರಿಯನ್ನು ಜೀವನವಿಡೀ ದ್ವೇಷಿಸಿದವರು, ಮನುಷ್ಯರಲ್ಲಿ ಮೇಲುಕೀಳಿನ ಮೆಟ್ಟಿಲುಗಳನ್ನು ಕಟ್ಟುವ ತಮ್ಮ ಕಾಲದ ಅಭ್ಯಾಸದಿಂದ ಮುಕ್ತರಾಗಲಿಲ್ಲ. ಇದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ಶರಣರ ಮಾರ್ಗದವರಾದ ನಮಗೆ ತಕ್ಕುದಲ್ಲ.

ಎರಡನೆಯ ಗ್ರಂಥಕ್ಕಾಗಿ ಅವರು 1867ರಲ್ಲಿ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿ ಲೋಕದ ಮೂಲೆಮೂಲೆಗೆ ಕಳುಹಿಸಿದ್ದರು. ನಮ್ಮ ದೇಶದಿಂದಲೂ ಉತ್ತರ ಹೋಗಿತ್ತು. ಕಲಕತ್ತೆಯ ಸಸ್ಯೋದ್ಯಾನದಲ್ಲಿದ್ದ ಜಾನ್ ಸ್ಕಾಟ್ ಅವರು ಅಲ್ಲಿ ದುಡಿಯುತ್ತಿದ್ದ ಜನರ ಮುಖಭಾವಗಳನ್ನು ಗಮನಿಸಿ ತಿಳಿಸಿದ್ದರು. ಪ್ರಾಣಿಗಳ ವಿಚಾರಕ್ಕೆ ಬಂದಾಗ ಅವರ ಮೊದಲ ಸಾಕ್ಷಿ ಸ್ವಂತ ಮನೆಯ ನಾಯಿ. ತಿರುಗಾಟಕ್ಕೆ ಹೊರಟರೆ ಹಿಗ್ಗಿ ಮುಂದೆ ಮುಂದೆ ನಡೆಯುವ ಆ ನಾಯಿ, ಒಡೆಯರು ದಾರಿಯಲ್ಲಿ ಸಸ್ಯಗಳ ಗಾಜಿನ ಮನೆಯ ಕಡೆಗೆ ತಿರುಗಿದೊಡನೆ, ಇನ್ನು ತಿರುಗಾಟ ತಪ್ಪಿತೆಂದು ತಿಳಿದು ತಲೆ, ಕಿವಿ, ಬಾಲಗಳನ್ನು ಇಳಿಬಿಟ್ಟು ನಿಲ್ಲುತ್ತಿತ್ತು. ಮನೆಯವರೆಲ್ಲ ಆ ಸಪ್ಪೆ ಮೋರೆಗೆ ಗಾಜಿನ ಮನೆಯ ಮೋರೆ ಎಂದೇ ಹೆಸರಿಟ್ಟಿದ್ದರು.

ಆನೆಯ ಕಣ್ಣೀರಿನ ವಿಚಾರವನ್ನು ಅವರು ವಿಚಾರಿಸಿದ ಬಗೆ ನಮಗೆ ಎಲ್ಲಕ್ಕಿಂತ ಹಿಡಿಸಿತು. ಸಿಂಹಳದಲ್ಲಿ ಸೆರೆಸಿಕ್ಕ ಕಾಡಾನೆಗಳು ಅಲುಗಾಡದೆ ಬಿದ್ದು ಕಣ್ಣೀರು ಸುರಿಸಿದುದನ್ನು ಒಬ್ಬ ಅಧಿಕಾರಿ ಬರೆದಿದ್ದರು. ಡಾರ್ವಿನ್ನರು ಅಷ್ಟಕ್ಕೇ ನಂಬಲಿಲ್ಲ. ಲಂಡನ್ನಿನಲ್ಲಿ ಭಾರತದ ಆನೆಗಳನ್ನು ನೋಡಿಕೊಳ್ಳುತ್ತಿದ್ದ ಪಾಲಕನನ್ನು ವಿಚಾರಿಸಿದರು. ಮರಿಯನ್ನು ಬೇರೆಡೆಗೆ ಒಯ್ದಾಗ ಮುದಿ ಹೆಣ್ಣಾನೆಯ ಮೋರೆಯ ಮೇಲೆ ಕಣ್ಣೀರು ಹರಿದುದನ್ನು ಹಲವು ಬಾರಿ ಕಂಡಿರುವುದಾಗಿ ಅವನು ಖಚಿತವಾಗಿ ಹೇಳಿದನು. ಅನಂತರವೂ ಅವರು, ಮನುಷ್ಯರು ಅಳುವಾಗ ಕಣ್ಣಿನ ಸುತ್ತ ಬಿಗಿಯುವ ಸ್ನಾಯುಗಳು ಆನೆಯಲ್ಲಿಯೂ ಬಿಗಿಯುವುವೇ ಎಂದು ತಿಳಿಯಲು, ಆನೆ ಘೀಳಿಡುವಾಗ ಅದರ ಕಣ್ಣುಗಳನ್ನು ಗಮನಿಸುವ ಏರ್ಪಾಟು ಮಾಡಿದರು. ನಂಬಬೇಕೆಂಬ ಆಸೆ ಇದ್ದಾಗಲೂ ಪರೀಕ್ಷೆಯನ್ನು ಬಿಡದ ಈ ಸ್ವಭಾವವನ್ನು ನಮ್ಮ ಪ್ರಸಾದನಿಲಯದ ಆ ವಿದ್ಯಾರ್ಥಿಗೆ ವಿಶೇಷವಾಗಿ ಹೇಳಿದ್ದೇವೆ. ಅವರು ನಂಬಿದ ಕಥೆಗಳಲ್ಲಿ ಕೆಲವು ಕೇಳಿಕೆಯ ಮಾತುಗಳೇ ಆಗಿದ್ದವೆಂಬುದೂ ನಿಜ. ಸರಳ ಕಾರಣದಿಂದ ವಿವರಿಸಬಹುದಾದ ವರ್ತನೆಗೆ ಹಿರಿದಾದ ಬುದ್ಧಿಯನ್ನು ಆರೋಪಿಸಬಾರದೆಂದು 1894ರಲ್ಲಿ ಲಾಯ್ಡ್ ಮಾರ್ಗನ್ ಎಂಬ ವಿದ್ವಾಂಸರು ನಿಯಮ ಹಾಕಿಕೊಟ್ಟರು. ತಂದೆಯೊಡನೆ ವಾದಿಸಿದ ಆ ಹುಡುಗನು ತನಗರಿಯದೆಯೇ ಅವರ ಶಿಷ್ಯನಾಗಿದ್ದಾನೆ. ಅವನ ಸಂದೇಹವೂ ಗೌರವಾರ್ಹವೇ.

ಪ್ರಾಣಿಗೆ ನೋವುಂಟು, ದುಃಖವುಂಟು ಎಂದು ಒಪ್ಪಿದ ಮೇಲೆ ಒಪ್ಪಿದವರು ಹೇಗೆ ಬದುಕಬೇಕು? ಡಾರ್ವಿನ್ನರನ್ನು ಕೊನೆಯವರೆಗೆ ಕಾಡಿದ್ದು ಇದು. ಕುದುರೆಯೊಂದನ್ನು ಹಿಂಸಿಸುತ್ತಿದ್ದವನೊಡನೆ ದಾರಿಯಲ್ಲಿ ಜಗಳವಾಡಿ, ಬಿಳಿಚಿಕೊಂಡು, ಸುಸ್ತಾಗಿ ಮನೆಗೆ ಮರಳಿದುದನ್ನು ಮಗ ಫ್ರಾನ್ಸಿಸ್ ಬರೆದಿದ್ದಾರೆ. ಡೌನ್‌ಗೆ ಬಾಡಿಗೆಯ ಗಾಡಿಯಲ್ಲಿ ಬರುತ್ತಿದ್ದ ಅತಿಥಿಯೊಬ್ಬರು ಇನ್ನೂ ಬೇಗ ಓಡಿಸೆಂದಾಗ, ಡಾರ್ವಿನ್ನರನ್ನು ಕೂರಿಸಿಕೊಂಡು ಕುದುರೆಗೆ ಇಷ್ಟು ಚಾಟಿ ಬೀಸಿದ್ದರೆ ಅವರು ಗಾಡಿಯಿಂದಿಳಿದು ತನ್ನನ್ನು ಚೆನ್ನಾಗಿ ಬಯ್ಯುತ್ತಿದ್ದರೆಂದು ಗಾಡಿಯವನು ಉತ್ತರಿಸಿದನಂತೆ. 1863ರಲ್ಲಿ ಎಮ್ಮಾ ಮತ್ತು ಅವರು ಸೇರಿ, ಬೇಟೆಯ ತೋಟಗಳಲ್ಲಿ ಸಣ್ಣ ಪ್ರಾಣಿಗಳನ್ನು ಹಿಡಿಯಲು ಇಡುತ್ತಿದ್ದ ಹಲ್ಲುಳ್ಳ ಉಕ್ಕಿನ ಬೋನುಗಳ ವಿರುದ್ಧ ಮನವಿ ಬರೆದು ಹಂಚಿದರು. ಕಾಲು ಸಿಕ್ಕಿಕೊಂಡ ಪ್ರಾಣಿಯು ಕಾವಲುಗಾರನು ಬೆಳಿಗ್ಗೆ ಬಂದು ಕೊಲ್ಲುವವರೆಗೆ ಎಂಟು ಹತ್ತು ಗಂಟೆ ಅದೇ ಸ್ಥಿತಿಯಲ್ಲಿ ನರಳಬೇಕಾಗಿತ್ತು. ಹಿಂಸೆಯಿಲ್ಲದ ಬೋನನ್ನು ರೂಪಿಸಿದವರಿಗೆ ಬಹುಮಾನ ಕೊಡಿಸುವ ಯತ್ನವೂ ನಡೆಯಿತು. ತೃಪ್ತಿಕರವಾದುದು ದೊರೆಯಲಿಲ್ಲ.

ಕೈಯಾರೆ ಕೊಂದದ್ದೂ ಉಂಟು. 1855ರಿಂದ ಪಾರಿವಾಳಗಳನ್ನು ಸಾಕಿ, ತಳಿಗಳ ಅಂತರವನ್ನು ಅಳೆಯಲು ಅವುಗಳ ಅಸ್ಥಿಪಂಜರ ಮಾಡಬೇಕಾಗಿತ್ತು. ಹತ್ತು ದಿನದ ಮುದ್ದಾದ ಮರಿಯನ್ನು ಕೊಂದಂದು ತಾವು ಎಸಗಿದ್ದು ಕರಾಳ ಕೃತ್ಯವೆಂದೇ ಬಂಧುವೊಬ್ಬರಿಗೆ ಬರೆದರು; ಆದರೆ ಅಧ್ಯಯನ ನಿಲ್ಲಿಸಲಿಲ್ಲ. ಜೀವಂತ ಪ್ರಾಣಿಗಳನ್ನು ಕೊಯ್ದು ನಡೆಸುವ ಪ್ರಯೋಗಗಳ ಚರ್ಚೆ ಇಂಗ್ಲೆಂಡಿನಲ್ಲಿ ಎದ್ದಾಗ ಈ ಇಕ್ಕಟ್ಟು ಬಯಲಿಗೆ ಬಂತು. ಬರಿಯ ಕುತೂಹಲಕ್ಕಾಗಿ ಹಾಗೆ ಮಾಡುವುದನ್ನು ನೆನೆದರೇ ರಾತ್ರಿ ನಿದ್ದೆ ಬಾರದೆಂದು ಹೇಳುತ್ತಿದ್ದ ಅವರು, 1875ರಲ್ಲಿ ಮಗಳು ಹೆನ್ರಿಯೆಟಾ ವಿರೋಧದ ಮನವಿಪತ್ರಕ್ಕೆ ಸಹಿ ಕೇಳಿದಾಗ ಹಾಕಲಿಲ್ಲ. ಶರೀರಶಾಸ್ತ್ರದ ಅರಿವು ಬೆಳೆಯದಿದ್ದರೆ ಮುಂದೆ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆ ದೊರೆಯದೆಂಬುದು ಅವರ ಅಂಜಿಕೆ. ಅದೇ ವರ್ಷದ ನವೆಂಬರಿನಲ್ಲಿ ಸರ್ಕಾರ ನೇಮಿಸಿದ ಆಯೋಗದ ಮುಂದೆ ಹಾಜರಾಗಿ, ಅರಿವಳಿಕೆ ಕೊಡಬಹುದಾದಲ್ಲಿ ಕೊಡದೆ ಪ್ರಾಣಿಯನ್ನು ನೋಯಿಸುವವರು ತಿರಸ್ಕಾರಕ್ಕೆ ಅರ್ಹರೆಂದು ಸಾಕ್ಷ್ಯ ನುಡಿದರು. 1876ರಲ್ಲಿ ಕಾನೂನು ಬಂತು. ಅದರ ರೂಪ ಅವರಿಗೆ ತೃಪ್ತಿ ತರಲಿಲ್ಲ.

ಅವರ ಗ್ರಂಥದ ಒಂದು ವಾಕ್ಯ ಈ ತೊಳಲಾಟಕ್ಕೆ ಸಾಕ್ಷಿ. ತನ್ನನ್ನು ಕೊಯ್ಯುತ್ತಿರುವ ಕೈಯನ್ನೇ ನಾಯಿ ನೆಕ್ಕಿದ ಪ್ರಸಂಗವನ್ನು ಹೇಳಿ, ಆ ಮನುಷ್ಯರದು ಕಲ್ಲೆದೆಯಲ್ಲದಿದ್ದರೆ ಸಾಯುವ ಗಳಿಗೆಯವರೆಗೂ ಪಶ್ಚಾತ್ತಾಪ ಪಟ್ಟಿರಬೇಕೆಂದು 1871ರಲ್ಲಿ ಬರೆದಿದ್ದರು. ಮೂರು ವರ್ಷಗಳ ಬಳಿಕದ ಆವೃತ್ತಿಯಲ್ಲಿ, ಜ್ಞಾನದ ಅಭಿವೃದ್ಧಿಯಿಂದ ಆ ಕೃತ್ಯ ಪೂರ್ತಿಯಾಗಿ ಸಮರ್ಥನೆ ಪಡೆದಿರದಿದ್ದರೆ ಎಂಬ ಅರ್ಥದ ಮಾತೊಂದನ್ನು ನಡುವೆ ಸೇರಿಸಿದರು. ಸೇರಿಸಿದ ಆ ಮಾತು ನಮಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಮನೆಗಳ ಔಷಧದ ಪೆಟ್ಟಿಗೆಯನ್ನು ನೆನೆದಾಗ ತಳ್ಳಿಹಾಕುವ ಧೈರ್ಯವೂ ಬರಲಿಲ್ಲ.

ದೇವರ ವಿಚಾರದಲ್ಲಿಯೂ ಅವರ ಸಂಕಟದ ಮೂಲಗಳಲ್ಲಿ ಒಂದು ಇದೇ ಆಗಿತ್ತು. ಜೀವಂತ ಕಂಬಳಿಹುಳುವಿನ ಒಡಲಲ್ಲಿ ಮರಿಗಳು ಬೆಳೆದು ಅದನ್ನು ಒಳಗಿನಿಂದಲೇ ತಿನ್ನುವಂತೆ ಒಂದು ಬಗೆಯ ಕಣಜವನ್ನು ಕರುಣಾಳುವಾದ ಸೃಷ್ಟಿಕರ್ತ ಬೇಕೆಂದೇ ರಚಿಸಿದನೆಂದು ನಂಬಲಾರೆನೆಂದು 1860ರಲ್ಲಿ ಗೆಳೆಯರಿಗೆ ಬರೆದರು. ಕೊನೆಗಾಲದಲ್ಲಿ ತಮ್ಮನ್ನು ಆಸ್ತಿಕರೆಂದೂ ನಾಸ್ತಿಕರೆಂದೂ ಕರೆದುಕೊಳ್ಳದೆ, ತಿಳಿಯದವರೆಂದು ಕರೆದುಕೊಂಡರು. ಭಕ್ತಿಮಾರ್ಗದವರಾದ ನಾವು ಅವರ ನಿಲುವನ್ನು ಒಪ್ಪಬೇಕಾಗಿಲ್ಲ. ಕಂಬಳಿಹುಳುವಿಗಾಗಿ ನೊಂದು ಹುಟ್ಟಿದ ಪ್ರಶ್ನೆಯನ್ನು ಅಹಂಕಾರದ ಪ್ರಶ್ನೆಯೆಂದು ಕರೆಯಲು ಮಾತ್ರ ನಮ್ಮಿಂದಾಗದು.

ಕೊನೆಯ ವರ್ಷಗಳನ್ನು ಅವರು ಎರೆಹುಳುಗಳಿಗೆ ಮೀಸಲಿಟ್ಟರು. ಮಣ್ಣು ತುಂಬಿದ ಕುಂಡಗಳು ಅವರ ಓದುಕೋಣೆಗೇ ಬಂದವು. ಮಗನು ಬಸೂನ್ ಎಂಬ ಊದುವ ವಾದ್ಯವನ್ನು ನುಡಿಸಿದನು, ಕಿರಿದನಿಯ ಸೀಟಿ ಊದಲಾಯಿತು, ಪಿಯಾನೊ ನುಡಿಸಲಾಯಿತು, ಹುಳುಗಳು ಕದಲಲಿಲ್ಲ. ಕುಂಡವನ್ನು ಪಿಯಾನೊದ ಮೇಲೆಯೇ ಇಟ್ಟು ಒಂದು ಸ್ವರ ಒತ್ತಿದಾಗ ಸರ್ರನೆ ಬಿಲ ಸೇರಿದವು. ಅವಕ್ಕೆ ಕಿವಿಯಿಲ್ಲ, ಕಂಪನದ ಅರಿವಿದೆ ಎಂದು ಅದರಿಂದ ತಿಳಿಯಿತು. ಬಿಲದ ಬಾಯಿ ಮುಚ್ಚಲು ಎಲೆಗಳನ್ನು ಎಳೆದುಕೊಳ್ಳುವಾಗ ಎಲೆಯ ಯಾವ ಭಾಗವನ್ನು ಹಿಡಿಯುತ್ತವೆಂದು ಎಣಿಸಿದರು. 227 ಎಲೆಗಳಲ್ಲಿ 181ನ್ನು ಚೂಪಾದ ತುದಿಯಿಂದಲೇ ಎಳೆದಿದ್ದವು. ಇದು ಕೇವಲ ಅಭ್ಯಾಸಬಲವಿರಬಹುದೆಂದು, ಹುಳುಗಳ ಪೂರ್ವಜರೂ ಕಂಡಿರದ ಕಾಗದದ ತ್ರಿಕೋನಗಳನ್ನು ಕತ್ತರಿಸಿ ಇಟ್ಟರು. 303 ತ್ರಿಕೋನಗಳಲ್ಲಿ ನೂರಕ್ಕೆ 62ನ್ನು ಚೂಪಾದ ಮೂಲೆಯಿಂದ ಎಳೆದವು. ಕಣ್ಣಿಲ್ಲದ, ಕಿವಿಯಿಲ್ಲದ ಆ ಜೀವಿಯು ವಸ್ತುವಿನ ಆಕಾರವನ್ನು ತಡವಿ ತಿಳಿದು ನಡೆದುಕೊಳ್ಳುವಷ್ಟು ಬುದ್ಧಿಯುಳ್ಳದ್ದೆಂದು ಅವರು ನಿರ್ಣಯಿಸಿದರು. ಹಲವೆಡೆ ಒಂದು ಎಕರೆಯಲ್ಲಿ ವರ್ಷಕ್ಕೆ ಹತ್ತು ಟನ್ನಿಗಿಂತ ಹೆಚ್ಚು ಮಣ್ಣು ಎರೆಹುಳುಗಳ ಒಡಲಿನ ಮೂಲಕ ಹಾದು ಮೇಲೆ ಬರುತ್ತದೆಂಬುದೂ ಅವರ ಲೆಕ್ಕ. ಮನುಷ್ಯರು ನೇಗಿಲು ಹೂಡುವುದಕ್ಕೆ ಎಷ್ಟೋ ಮೊದಲೇ ಭೂಮಿಯನ್ನು ಉಳುತ್ತಿದ್ದವು ಅವು. ಈ ಗ್ರಂಥ 1881ರಲ್ಲಿ ಹೊರಬಂದಿತು. ಬಾಲ್ಯದಲ್ಲಿ ಗಾಳದ ಹುಳುವಿನ ನೋವನ್ನು ತಪ್ಪಿಸಿದ್ದ ಕೈಗಳು ಬರೆದ ಕೊನೆಯ ಪುಸ್ತಕವೂ ಹುಳುವಿನದೇ ಆಯಿತು.

ಆ ಓದುಕೋಣೆಯ ಬೆಂಕಿಗೂಡಿನ ಬಳಿ ಬುಟ್ಟಿಯೊಂದರಲ್ಲಿ ಪಾಲಿ ಎಂಬ ಬಿಳಿಯ ಹೆಣ್ಣುನಾಯಿ ಮಲಗಿರುತ್ತಿತ್ತು. ಮೂಲತಃ ಹೆನ್ರಿಯೆಟಾಳದು, ಮಗಳು ಮದುವೆಯಾಗಿ ಹೋದ ಮೇಲೆ ತಂದೆಗೆ ಅಂಟಿಕೊಂಡಿತ್ತು. ಭಾವಗಳನ್ನು ಕುರಿತ ಗ್ರಂಥದಲ್ಲಿ ಅದರ ಚಿತ್ರವೂ ಇದೆ. 1882ರ ಏಪ್ರಿಲ್ 19ರಂದು ಡಾರ್ವಿನ್ನರು ಡೌನ್‌ನ ಮನೆಯಲ್ಲಿ ಕೊನೆಯುಸಿರೆಳೆದರು. ಏಪ್ರಿಲ್ 26ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ರಾಷ್ಟ್ರಗೌರವದೊಡನೆ ಅವರ ಸಮಾಧಿಯಾಯಿತು. ಕೆಲವೇ ದಿನಗಳಲ್ಲಿ ಪಾಲಿಯೂ ಕಾಯಿಲೆ ಬಿದ್ದು ತೀರಿಕೊಂಡಿತು. ಮನೆಯವರು ಅದನ್ನು ತೋಟದ ಸೇಬಿನ ಮರದ ಕೆಳಗೆ ಮಣ್ಣು ಮಾಡಿದರು.